ನಿನ್ನೆ ಏನು ತಿಂದಿರಿ?

ಫೆಬ್ರವರಿ 10, ಸೋಮವಾರ

ತಿಂದದ್ದನ್ನೆಲ್ಲ ದಿನಾ ಬರೆದಿಡಿ ಎಂದು ಇವತ್ತು ಹುಡುಗಿಯರಿಗೆ ಹೇಳಿದೆ. ಅವರಿಗೆ ಹೇಳಿ ನಾನು ಬರೆಯದಿದ್ದರೆ ಹೇಗೆ ಎಂದು ನಾನೂ ಶುರು ಮಾಡಿದ್ದೇನೆ. ಕನ್ನಡದಲ್ಲೇ ಬರೆಯುತ್ತೇನೆ. ಓದಿದ್ದೆಲ್ಲ ಇಂಗ್ಲಿಷಿನಲ್ಲಾದ್ದರಿಂದ ಕನ್ನಡ ಬರೆಯುವುದು ನನಗೆ ನಿಧಾನ. ನಿಧಾನವಾಗಿ ಬರೆದರೆ ಸುಳ್ಳು ಕಡಿಮೆಯಾಗಬಹುದು.

ಇವತ್ತು: ಇಡ್ಲಿ ಮೂರು, ಚಟ್ನಿ. ಚಪಾತಿ, ಹುರುಳಿಕಾಯಿ ಪಲ್ಯ. ಕಾಫಿ ಎರಡು. ಬಾದಾಮಿ ಹಾಲು ಒಂದು ಲೋಟ.

ಬಾದಾಮಿ ಹಾಲು ಹೊಸ ಕೋರ್ಸಿನ ಉದ್ಘಾಟನೆಯದು. ವಿಶ್ವವಿದ್ಯಾಲಯ ಈ ವರ್ಷ ‘ಸಸ್ಯಾಧಾರಿತ ಪೋಷಣೆ’ ಎಂಬ ಐಚ್ಛಿಕ ಪತ್ರಿಕೆಗೆ ಒಪ್ಪಿಗೆ ಕೊಟ್ಟಿದೆ. ನಂಜನಗೂಡಿನಲ್ಲಿ ಅದನ್ನು ತೆಗೆದುಕೊಂಡದ್ದು ನಮ್ಮ ಮಹಿಳಾ ಕಾಲೇಜು ಮಾತ್ರ. ಪಾಠ ಮಾಡುವವಳು ನಾನು. ಗೃಹವಿಜ್ಞಾನ ವಿಭಾಗದಲ್ಲಿ ಉಳಿದಿರುವುದೇ ನಾನೊಬ್ಬಳು. ಟ್ರಸ್ಟಿನ ಕಾರ್ಯದರ್ಶಿ ಚಿಕ್ಕಬಸಪ್ಪನವರು ದೀಪ ಹಚ್ಚಿ, ಶುದ್ಧ ಸಸ್ಯಾಹಾರದ ಪಾಠ ಹೇಳುವ ಕಾಲೇಜು ನಮ್ಮದೇ ಮೊದಲು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸಸ್ಯಾಹಾರ ಬೇರೆ, ಸಸ್ಯಾಧಾರಿತ ಬೇರೆ ಎಂದು ಅಲ್ಲೇ ಹೇಳಬಹುದಿತ್ತು. ಕೈಯಲ್ಲಿ ಬಾದಾಮಿ ಹಾಲಿನ ಲೋಟವಿತ್ತು.

ಹುಡುಗಿಯರು ತುಂಬಬೇಕಾದ ಹಾಳೆಗಳನ್ನು ಟ್ರಸ್ಟೇ ತನ್ನ ಹೆಸರು ಹಾಕಿಸಿ ಅಚ್ಚು ಮಾಡಿಸಿಕೊಟ್ಟಿದೆ. ಧಾನ್ಯ, ಬೇಳೆ, ಸೊಪ್ಪು, ತರಕಾರಿ, ಹಣ್ಣು, ಹಾಲು, ಕೊಬ್ಬು, ಇತರೆ. ಮಾಮೂಲಿ ಹಾಳೆಯಲ್ಲಿ ಇರುವ ಮೊಟ್ಟೆ-ಮೀನು-ಮಾಂಸದ ಕಾಲಂ ಇದರಲ್ಲಿಲ್ಲ. ಕೋರ್ಸೇ ಸಸ್ಯಾಧಾರಿತ, ಇರಲಿ ಎಂದುಕೊಂಡೆ.

ಫೆಬ್ರವರಿ 18, ಮಂಗಳವಾರ

ಇವತ್ತು: ರೊಟ್ಟಿ, ಎಣಗಾಯಿ, ಅನ್ನ, ತಿಳಿಸಾರು. ಹಾಲಿಲ್ಲದ ಕಾಫಿ.

ಸೆಮಿಸ್ಟರ್ ಮುಗಿಯುವ ತನಕ ಹಾಲು, ಮೊಸರು, ತುಪ್ಪ ಬಿಟ್ಟಿದ್ದೇನೆ. ಪಾಠ ಹೇಳುವವಳು ಒಂದು ಸಲ ಮಾಡಿ ನೋಡಬೇಕು. ಹಾಲಿಲ್ಲದ ಕಾಫಿ ಔಷಧಿಯ ಹಾಗಿದೆ, ಆದರೆ ಔಷಧಿಯಿಂದ ಏನೋ ಒಂದು ಗುಣ ಆಗುತ್ತದೆ.

ಅಮೃತೇಶ್‌ಗೆ ಹೇಳಿದೆ. ನನ್ನ ಗಂಡ; ಅವರದು ಪಶು ಆಹಾರದ ಅಂಗಡಿ. ಬೂಸಾ, ಹಿಂಡಿ, ಖನಿಜದ ಪುಡಿ. ನಂಜನಗೂಡಿನಿಂದ ನರಸೀಪುರದ ತನಕ ಹಳ್ಳಿಗಳಿಗೆ ಲೋಡು ಕಳಿಸುತ್ತಾರೆ.

“ಅಲ್ಲ ರುದ್ರಾ, ನೀನು ಪಾಠ ಹೇಳಿ ಊರೆಲ್ಲ ಹಾಲು ಬಿಟ್ಟರೆ ನಾನು ಬೂಸಾ ಯಾರಿಗೆ ಮಾರ್ಲಿ?”

“ನನ್ನ ಪಾಠ ಕೇಳಿ ಇದುವರೆಗೆ ಯಾರೂ ಏನೂ ಬಿಟ್ಟಿಲ್ಲ.”

“ಹಾಗಾದ್ರೆ ಸರಿ,” ಎಂದು ಮೊಸರು ಹಾಕಿಕೊಂಡರು.

ಮಾರ್ಚ್ 3, ಸೋಮವಾರ

ತರಗತಿಯಲ್ಲಿ ರೀಕಾಲ್ ಅಭ್ಯಾಸ. ನಿನ್ನೆ ಬೆಳಗಿನಿಂದ ಇವತ್ತು ಬೆಳಗಿನ ತನಕ ಏನೇನು ತಿಂದಿರಿ ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿ ಬರೆದುಕೊಳ್ಳಬೇಕು. ಕೇಳುವುದಕ್ಕೂ ಒಂದು ರೀತಿಯಿದೆ. ಹುಬ್ಬೇರಿಸಬಾರದು, ‘ಅಷ್ಟೇನಾ’ ಎನ್ನಬಾರದು, ‘ಅಯ್ಯೋ’ ಎನ್ನಬಾರದು. ಹೇಳುವವರ ಮುಖಕ್ಕೆ ಕೇಳುವವರ ಮುಖ ಅಡ್ಡ ಬರಬಾರದು. ಇದನ್ನು ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದೇನೆ.

ನಿನ್ನೆ ಭಾನುವಾರ. ಇಡೀ ತರಗತಿ ಮುದ್ದೆ, ಉಪ್ಸಾರು, ಅವರೆಕಾಳು, ಸೊಪ್ಪು ತಿಂದಿದೆ. ನಿನ್ನೆ ಬೆಳಿಗ್ಗೆ ಬಜಾರಿನ ಮಟನ್ ಅಂಗಡಿಯ ಸಾಲು ರಸ್ತೆಗೆ ಬಂದು ನಮ್ಮ ಸ್ಕೂಟರಿಗೆ ಅಡ್ಡವಾಗಿತ್ತು. ಅಲ್ಲಿ ನಿಂತಿದ್ದವರಿಗೆಲ್ಲ ಹೆಣ್ಣುಮಕ್ಕಳಿಲ್ಲವೋ, ಇದ್ದರೂ ನಮ್ಮ ಕಾಲೇಜಿಗೆ ಕಳಿಸಿಲ್ಲವೋ ಗೊತ್ತಿಲ್ಲ.

ಎರಡನೇ ವರ್ಷದ ರಮ್ಯ, “ಮೇಡಂ, ಎಲ್ಲರದೂ ಒಂದೇ ಇದೆ, ಜೆರಾಕ್ಸ್ ಮಾಡಿಸಿಬಿಡಬಹುದು,” ಎಂದಳು. ನಗು. ಕೊನೆಯ ವರ್ಷದ ಕವನ ಮಾತ್ರ ನಗಲಿಲ್ಲ. ಅವಳ ಹಾಳೆಯಲ್ಲಿ ‘ಇತರೆ’ ಎಂಬಲ್ಲಿ ಟಿಕ್ಕು ಹಾಕಿತ್ತು. ಏನು ಇತರೆ ಎಂದು ಕೇಳಿದೆ. “ಇತರೆ ಮೇಡಂ,” ಎಂದಳು.

ಇವತ್ತು: ಉಪ್ಪಿಟ್ಟು, ಅನ್ನ, ಬಸ್ಸಾರು, ಎರಡು ಬಾಳೆಹಣ್ಣು.

ಮಾರ್ಚ್ 11, ಮಂಗಳವಾರ

ಹಾಲಿನ ಪಾಠ ಮಾಡಿದೆ. ಸ್ಲೈಡಿನಲ್ಲಿ ಇದ್ದದ್ದು ಇಷ್ಟೇ: ಹಾಲು ಸಸ್ಯದಿಂದ ಬರುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸ ಯಾವುದನ್ನೂ ಮುಟ್ಟದವರಿಗೆ ಬಿ-ಹನ್ನೆರಡು ಎಂಬ ಜೀವಸತ್ವ ಊಟದಲ್ಲಿ ಸಿಗುವುದಿಲ್ಲ, ಮಾತ್ರೆ ಬೇಕು. ಎರಡೂ ಪಠ್ಯಕ್ರಮದಲ್ಲಿ ಇವೆ.

ಪಾಠ ಮುಗಿದದ್ದು ಹನ್ನೊಂದೂವರೆಗೆ. ಊಟಕ್ಕೆ ಕೂರುವಷ್ಟರಲ್ಲಿ ಪ್ರಿನ್ಸಿಪಾಲ್ ನಂಜುಂಡೇಶ್ ಫೋನ್ ಮಾಡಿ, “ಮೇಡಂ, ನೀವು ಹಾಲನ್ನ ಮಾಂಸದ ಪಕ್ಕ ಕೂರಿಸಿದ್ದೀರಂತೆ?” ಎಂದರು.

ನಾನು ಕೂರಿಸಿಲ್ಲ, ಅದು ಮೊದಲಿನಿಂದ ಅಲ್ಲೇ ಕೂತಿದೆ ಎನ್ನಬೇಕಿತ್ತು. “ಶುಕ್ರವಾರ ಬಂದು ಮಾತಾಡ್ತೀನಿ ಸಾರ್,” ಎಂದೆ.

ಮಾರ್ಚ್ 14, ಶುಕ್ರವಾರ

ಪ್ರಿನ್ಸಿಪಾಲರ ಕೋಣೆಯಲ್ಲಿ ಚಿಕ್ಕಬಸಪ್ಪನವರೂ ಇದ್ದರು. ಅವರು ಹಾಲಿನ ಸೊಸೈಟಿಯ ನಿರ್ದೇಶಕರೂ ಹೌದು. ಮೃದುವಾಗಿ ಮಾತನಾಡುವ ಮನುಷ್ಯ, ಅದೇ ಕಷ್ಟ.

“ಮೇಡಂ, ಹಸು ಏನ್ ತಿನ್ನುತ್ತೆ?”

“ಹುಲ್ಲು ಸಾರ್.”

“ಹುಲ್ಲು ಸಸ್ಯ ತಾನೆ? ಹಂಗಾದ್ರೆ ಹಾಲೂ ಅದೇ ಆಯ್ತಲ್ಲ.”

“ಆ ಲೆಕ್ಕದಲ್ಲಿ ಕುರಿಮಾಂಸವೂ ಸೊಪ್ಪೇ ಆಗುತ್ತೆ ಸಾರ್.”

ಪ್ರಿನ್ಸಿಪಾಲ್ ಫ್ಯಾನು ನೋಡಿದರು. ಚಿಕ್ಕಬಸಪ್ಪನವರು, “ನೀವೂ ನಮ್ಮೋರೇ. ನಿಮ್ಮ ಮನೇಲೂ ಲಿಂಗಪೂಜೆಗೆ ಹಾಲಿಡ್ತೀರಿ. ನೀವೇ ಹಿಂಗಂದ್ರೆ ಹೆಂಗೆ?” ಎಂದರು. ಇನ್ನು ಮುಂದೆ ಸ್ಲೈಡುಗಳನ್ನು ಮೊದಲೇ ಆಫೀಸಿಗೆ ತೋರಿಸಬೇಕೆಂದು ತೀರ್ಮಾನವಾಯಿತು.

ಮನೆಗೆ ಬಂದು ಒಂದು ಪತ್ರ ಬರೆದೆ. ಕೋಪ ಬಂದಾಗ ನನಗೆ ಇಂಗ್ಲಿಷೇ ಬರುವುದು. ಬೋಧಕರ ಸ್ವಾತಂತ್ರ್ಯ, ವಿಶ್ವವಿದ್ಯಾಲಯ ಒಪ್ಪಿದ ಪಠ್ಯ, ಪುರಾವೆ, ಎಲ್ಲ ಮೂರು ಪುಟ. ಓದಿಕೊಂಡರೆ ಚೆನ್ನಾಗಿತ್ತು. ಸೋಮವಾರ ಕೊಡುತ್ತೇನೆ.

ಫ್ರಿಜ್ಜಿನಲ್ಲಿದ್ದ ಮೈಸೂರುಪಾಕಿನ ಡಬ್ಬಿ ಅರ್ಧ ಖಾಲಿಯಾಗಿದೆ, ಯಾರು ತಿಂದದ್ದು ಎಂದು ಅಮೃತೇಶ್ ಕೇಳಿದರು. ಇರುವೆ ಇರಬಹುದು ಎಂದೆ.

ಇವತ್ತು: ದೋಸೆ, ಅನ್ನ, ನುಗ್ಗೆಕಾಯಿ ಸಾರು. ಅಷ್ಟೇ.

ಮಾರ್ಚ್ 23, ಭಾನುವಾರ

ಒಳ್ಳೆಯ ದಿನ.

ಕವನಳ ಪ್ರಾಜೆಕ್ಟು ನೋಡಲು ಅವಳ ಊರಿಗೆ ಹೋಗಿದ್ದೆ. ನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸು; ಮೂಗೂರಿನ ಪಕ್ಕ. ತಮ್ಮ ಬೀದಿಯ ಇಪ್ಪತ್ತು ಮನೆಯ ಹೆಂಗಸರ ಊಟವನ್ನು ಅವಳು ಅಳೆಯುತ್ತಿದ್ದಾಳೆ. ಇದು ಪಾಸಾದರೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಡಯಟೀಷಿಯನ್ ತರಬೇತಿಗೆ ಸೀಟು ಇದೆ. ಏಪ್ರಿಲ್ ಮುಗಿಯುವುದರೊಳಗೆ ನನ್ನ ಸಹಿ, ಪ್ರಿನ್ಸಿಪಾಲರ ಸೀಲು ಬಿದ್ದು ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಹೋಗದಿದ್ದರೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಎಂದು ಅವಳ ತಂದೆ ರಾಜೇಂದ್ರ ಹೇಳಿದ್ದಾರಂತೆ. ಅವರೂ ಅಲ್ಲೇ ಕೆಲಸಕ್ಕಿದ್ದಾರೆ, ಇವತ್ತು ಶಿಫ್ಟಿಗೆ ಹೋಗಿದ್ದರು.

ಅಚ್ಚುಕಟ್ಟಾದ ಮನೆ. ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್. ಅಜ್ಜಿ ಮರಿತಾಯಮ್ಮ ಹೊಸ ಜಮಖಾನ ಹಾಸಿ ಕೂರಿಸಿದರು. ಪಕ್ಕದ ಮನೆಯ ಪುಟ್ಟಲಕ್ಷ್ಮಿ ಎನ್ನುವಾಕೆ ಸ್ಟೀಲ್ ಲೋಟದಲ್ಲಿ ಟೀ ತಂದರು. ಏಲಕ್ಕಿ ಹಾಕಿದ್ದು, ಘಮ ಬಾಗಿಲಿಗೇ ಬರುತ್ತಿತ್ತು.

“ಬೇಡಮ್ಮ, ನಾನು ತಗೊಳ್ಳಲ್ಲ,” ಎಂದೆ.

“ಯಾಕ್ರವ್ವ?”

“ಹಾಲು ಬಿಟ್ಟಿದ್ದೀನಿ.”

ಪುಟ್ಟಲಕ್ಷ್ಮಿ ಅಜ್ಜಿಯ ಮುಖ ನೋಡಿದರು. ಅಜ್ಜಿ, “ಬುಡವ್ವ, ಬ್ಯಾಡ ಅಂದ್ರೆ ಬ್ಯಾಡ. ಬಲವಂತ ಮಾಡ್ಬಾರ್ದು,” ಎಂದು ನಕ್ಕರು. ಆಮೇಲೆ ಅಂಗಡಿಯಿಂದ ಸೀಲು ಒಡೆಯದ ನೀರಿನ ಬಾಟಲಿ ತರಿಸಿದರು. ಎಷ್ಟು ಸೂಕ್ಷ್ಮ ಜನ. ನನ್ನ ಚೀಲದಲ್ಲೇ ನೀರಿತ್ತು, ಸುಮ್ಮನೆ ಖರ್ಚು ಯಾಕೆ ಎಂದು ಅದನ್ನೂ ಬೇಡವೆಂದೆ.

ಕೆಲಸ ಮಾತ್ರ ಅದ್ಭುತ. ಟ್ರಸ್ಟಿನ ಹಾಳೆಯಲ್ಲಿ ಇಲ್ಲದ ಕಾಲಮ್ಮನ್ನು ಕವನ ಸ್ಕೇಲು ಇಟ್ಟು ಪೆನ್ನಿನಲ್ಲಿ ಎಳೆದುಕೊಂಡಿದ್ದಾಳೆ. ಒಣಮೀನು, ಮೊಟ್ಟೆ, ಈರಲು ಎನ್ನುವ ಲಿವರು, ದನದ ಮಾಂಸ, ಗ್ರಾಮಿನ ಲೆಕ್ಕದಲ್ಲಿ. ಜೊತೆಗೆ ರಾಗಿ, ಹುರುಳಿ, ಹೊಲದ ಬದುವಿನ ಹತ್ತು ಬಗೆಯ ಸೊಪ್ಪು. ತಟ್ಟೆಯ ಮುಕ್ಕಾಲು ಭಾಗ ಗಿಡದಿಂದ ಬಂದದ್ದು, ಉಳಿದ ಕಾಲು ಭಾಗದಲ್ಲಿ ನನ್ನ ಬಿ-ಹನ್ನೆರಡು. ನಾನು ಸ್ಲೈಡಿನಲ್ಲಿ ತೋರಿಸುವುದೆಲ್ಲ ಈ ಬೀದಿಯಲ್ಲಿತ್ತು.

ಪರಿಶೀಲಿಸಲು ಹಾಳೆಗಳನ್ನು ತಂದಿದ್ದೇನೆ. ಖುಷಿಗೆ ಒಂದರ ಫೋಟೋ ತೆಗೆದು ‘ಒಳ್ಳೆಯ ಕ್ಷೇತ್ರಕಾರ್ಯ’ ಎಂದು ಸ್ಟಾಫ್ ವಾಟ್ಸಾಪಿಗೆ ಹಾಕಿದೆ.

ಮಾರ್ಚ್ 26, ಬುಧವಾರ

ಕವನ ಪ್ರಾಜೆಕ್ಟನ್ನು ಹೊಸ ಹಾಳೆಗಳಲ್ಲಿ ಬರೆದುಕೊಂಡು ಬಂದಿದ್ದಾಳೆ. ಪೆನ್ನಿನ ಕಾಲಂ ಇಲ್ಲ. ಇಪ್ಪತ್ತು ಮನೆಯಲ್ಲೂ ಮುದ್ದೆ, ಸೊಪ್ಪು, ಕಾಳು.

“ಇದೇನಿದು?”

“ಮೊದಲಿನದರಲ್ಲಿ ತಪ್ಪು ಬರ್ಕೊಂಡಿದ್ದೆ ಮೇಡಂ.”

“ಇಪ್ಪತ್ತು ಮನೇದೂ?”

“ಹೂಂ ಮೇಡಂ. ಅಜ್ಜಿ ಹೇಳ್ತು, ನಮ್ಮ ಮನೆ ಊಟ ನಮ್ಮನೇಲೇ ಇರ್ಲಿ ಅಂತ.”

ದತ್ತಾಂಶವನ್ನು ತಿದ್ದುವುದು ಎಷ್ಟು ದೊಡ್ಡ ತಪ್ಪು ಎಂದು ತಿಳಿಸಿ ಹೇಳಿದೆ. ಕೇಳುವವರು ಮುಖ ಅಡ್ಡ ತಂದರೆ ಮಾತ್ರ ಹೇಳುವವರು ಬದಲಾಯಿಸುತ್ತಾರೆ, ನೀನು ಏನಾದರೂ ಅಂದೆಯಾ, ಮುಖದಲ್ಲಿ ತೋರಿಸಿದೆಯಾ ಎಂದು ಕೇಳಿದೆ.

“ನಾನಾ ಮೇಡಂ?” ಎಂದಳು. ಹಾಳೆಗಳನ್ನು ಮೇಜಿನ ಮೇಲಿಟ್ಟು ಹೋದಳು.

ಅವಳಿಗೆ ಮೇಲಿನಿಂದ ಯಾರೋ ಒತ್ತಡ ಹಾಕಿರಬೇಕು. ನನ್ನ ಹಾಗೆಯೇ.

ಏಪ್ರಿಲ್ 1, ಮಂಗಳವಾರ

ನಿನ್ನೆ ಹೊಸತೊಡಕು, ಯುಗಾದಿಯ ಮರುದಿನದ ಮಾಂಸದೂಟ. ಇವತ್ತು ಅದರ ರೀಕಾಲ್. ತರಗತಿಯಲ್ಲಿ ಒಬ್ಬಳೂ ಮಾಂಸ ತಿಂದಿಲ್ಲ. ನಂಜನಗೂಡು ಮತ್ತು ನರಸೀಪುರ ತಾಲ್ಲೂಕುಗಳಲ್ಲಿ ನಿನ್ನೆ ಕುರಿಗಳು ತಾವಾಗಿಯೇ ಎಲ್ಲಿಗೋ ಹೋಗಿವೆ.

ಏಪ್ರಿಲ್ 4, ಶುಕ್ರವಾರ

ನನ್ನ ಮೂರು ಪುಟದ ಪತ್ರ ಕೆಲಸ ಮಾಡಿದೆ. ಅಥವಾ ಅದರ ಉದ್ದ ಕೆಲಸ ಮಾಡಿದೆ. ಪ್ರಿನ್ಸಿಪಾಲ್ ಕರೆದು ಕಾಫಿ ತರಿಸಿದರು. ನನಗೆ ಹಾಲಿಲ್ಲದ್ದು, ನೆನಪಿಟ್ಟುಕೊಂಡಿದ್ದರು.

“ಮೇಡಂ, ಹಾಲಿನ ಸ್ಲೈಡು ನೀವು ಇಟ್ಕೊಳಿ. ಸಾಹೇಬ್ರಿಗೆ ನಾನು ಹೇಳ್ತೀನಿ. ನಿಮ್ಮ ಸ್ವಾತಂತ್ರ್ಯ ನಿಮಗೆ.”

“ಥ್ಯಾಂಕ್ಸ್ ಸಾರ್.”

“ಆದ್ರೆ ನೀವು ಗ್ರೂಪಿಗೆ ಹಾಕಿದ್ರಲ್ಲ, ಆ ಹುಡುಗಿ ಕಾಲಂ. ಅದು ಬೇಡ. ಹಾಳೆ ಮೇಲೆ ಟ್ರಸ್ಟಿನ ಹೆಸರು, ಅದರ ಕೆಳಗೆ ದನ. ಒಂದು ನಾನು ಕೊಟ್ಟಿದ್ದೀನಿ, ಒಂದು ನೀವು ಕೊಡಿ.”

ಕವನಳೇ ಕಾಲಂ ತೆಗೆದಿದ್ದಾಳಲ್ಲ ಎಂದುಕೊಂಡೆ. ನಾನು ಯಾರಿಂದಲೂ ಏನೂ ತೆಗೆಸುವ ಅಗತ್ಯವಿಲ್ಲ. ಎರಡನೆಯ ಪ್ರತಿಗೆ ಸಹಿ ಹಾಕಿದರೆ ಅವಳಿಗೆ ಸೀಟು, ನನಗೆ ಸ್ಲೈಡು. ಯೋಚಿಸಿ ಹೇಳುತ್ತೇನೆ ಎಂದೆ. ಗೆದ್ದಿದ್ದೇನೆ ಎಂದು ಕಾಣುತ್ತದೆ.

ಇವತ್ತು: ಮಸಾಲೆ ದೋಸೆ, ಹೋಟೆಲಿನಲ್ಲಿ, ಒಬ್ಬಳೇ. ಬೆಣ್ಣೆ ಬೇಡವೆಂದು ಹೇಳಿದ್ದೆ, ಹಾಕಿದ್ದರು, ತಿಂದೆ.

ಏಪ್ರಿಲ್ 6, ಭಾನುವಾರ

ಕವನ ಪ್ರಾಜೆಕ್ಟು ತಿದ್ದಿದ್ದು ಯಾಕೆಂದು ಅರ್ಥವಾಗುತ್ತಿಲ್ಲ ಎಂದು ತಿಂಡಿಯ ಹೊತ್ತಿನಲ್ಲಿ ಅಮೃತೇಶ್‌ಗೆ ಹೇಳಿದೆ. ಆ ಊರು ಅವರಿಗೆ ಗೊತ್ತು, ಅವರ ಗಿರಾಕಿಗಳಿದ್ದಾರೆ. ಅಲ್ಲಿ ಏನೇನಾಯಿತು ಎಂದು ಮೊದಲಿನಿಂದ ಕೇಳಿದರು. ಹೇಳಿದೆ.

“ಟೀ ಕುಡೀಲಿಲ್ವಾ?”

“ಹಾಲಿತ್ತಲ್ಲ.”

“ನೀರು?”

“ಚೀಲದಲ್ಲಿ ನನ್ನದೇ ಇತ್ತು.”

ಅವರು ಚಪಾತಿ ಮುರಿಯುವುದನ್ನು ನಿಲ್ಲಿಸಿದರು. “ನಮ್ಮಪ್ಪ ಆ ಬೀದಿಗೆ ಹೋದಾಗೆಲ್ಲ ಹೊಟ್ಟೆ ಸರಿಯಿಲ್ಲ ಅಂತಿದ್ರು. ಬೇರೆ ಊರಲ್ಲಿ ಚೆನ್ನಾಗೇ ಇರ್ತಿತ್ತು, ಆ ಬೀದೀಲಿ ಮಾತ್ರ ವರ್ಷಪೂರ್ತಿ ಸರಿ ಇರ್ತಿರ್ಲಿಲ್ಲ. ಅಲ್ಲಿಯವ್ರೂ ‘ಬುಡಿ ಬುದ್ಧಿ, ಬಲವಂತ ಇಲ್ಲ’ ಅಂತಿದ್ರು. ನಿಂದು ಸ್ವಲ್ಪ ಓದಿರೋರ ಹೊಟ್ಟೆ.”

“ನಾನು ಅದಕ್ಕಲ್ಲ...”

“ನಂಗೊತ್ತು ಕಣೇ. ಅವ್ರಿಗೆ ಹೇಗ್ ಗೊತ್ತಾಗ್ಬೇಕು?”

ಏಪ್ರಿಲ್ 7, ಸೋಮವಾರ

ತರಗತಿ ತೆಗೆದುಕೊಂಡೆ. ರಾಗಿಯಲ್ಲಿ ಸುಣ್ಣದ ಅಂಶ.

ಏಪ್ರಿಲ್ 13, ಭಾನುವಾರ

ಮತ್ತೆ ಹೋದೆ. ಫೋನ್ ಮಾಡಿ ಬರುತ್ತೇನೆಂದು ಹೇಳಿದ್ದೆ, ಯಾಕೆಂದು ಹೇಳಿರಲಿಲ್ಲ. ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಜೋಡಿಸಿಕೊಂಡೆ. ಜೋಡಿಸಿದ್ದೆಲ್ಲ ಇಂಗ್ಲಿಷಿನಲ್ಲಿತ್ತು. ಕೊನೆಗೆ, ಏನೂ ಹೇಳುವುದು ಬೇಡ, ಹಾಲು ಹಾಕಿದ ಟೀ ಕೊಡುತ್ತಾರೆ, ಕುಡಿದುಬಿಡುವುದು ಎಂದು ತೀರ್ಮಾನಿಸಿದೆ.

ನಾಳೆ ಅಂಬೇಡ್ಕರ್ ಜಯಂತಿ. ಬೀದಿಯಲ್ಲಿ ನೀಲಿ ಬಂಟಿಂಗ್ಸ್ ಕಟ್ಟುತ್ತಿದ್ದರು. ಮರಿತಾಯಮ್ಮ ಅದೇ ಜಮಖಾನ ಹಾಸಿದರು. ಟೀ ಬಂತು. ಕಪ್ಪು ಟೀ, ಬೆಲ್ಲದ್ದು.

“ಆಲಾಕಿಲ್ಲ ಕನವ್ವ, ಹೆದರ್ಕಬ್ಯಾಡಿ,” ಎಂದರು ಅಜ್ಜಿ. “ನೀವು ಕಾಲೇಜಲ್ಲೂ ಆಲಾಕ್ದೆ ಕುಡಿತೀರಂತೆ, ಕವನ ಯೋಳದ್ಲು. ನಾ ಇನ್ನೇನೋ ಅನ್ಕಂಡಿದ್ದೆ.”

“ಏನು ಅಂದ್ಕೊಂಡಿದ್ರಿ?”

“ಇನ್ನೇನ್ ಅನ್ಕಳದು? ಅದೇ ಅನ್ಕಂಡಿದ್ದೆ.”

ಪುಟ್ಟಲಕ್ಷ್ಮಿ ಜೋರಾಗಿ ನಕ್ಕರು. ನಾನು ಹಾಲಿನ ಟೀ ಕುಡಿಯಲೆಂದೇ ಬಂದವಳು. ಈಗ ಹಾಲು ಹಾಕಿ ಎಂದು ಕೇಳಿದರೆ ಇವರು ಏನೆಂದುಕೊಳ್ಳುತ್ತಾರೆ ಎಂದು ಗೊತ್ತಾಗದೆ ಕಪ್ಪು ಟೀಯನ್ನೇ ಕುಡಿದೆ. ತುಂಬ ಸಿಹಿ. ಆಮೇಲೆ ಅವರ ಕೊಡದ ನೀರು ಕೇಳಿದೆ. ಪುಟ್ಟಲಕ್ಷ್ಮಿ ತಂದುಕೊಟ್ಟು, ಕುಡಿಯುವ ತನಕ ನೋಡುತ್ತಾ ನಿಂತರು. ಮುಚ್ಚುಮರೆ ಏನಿಲ್ಲ, ನೇರವಾಗಿ ನೋಡಿದರು.

ಹೋದ ಸಲ ನಾನು ಮಾಡಿದ್ದು ತಪ್ಪು ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡದ್ದರಲ್ಲಿ ಇಷ್ಟೇ ಕನ್ನಡಕ್ಕೆ ಬಂತು.

“ಆಯ್ತು ಬುಡಿ,” ಎಂದರು ಅಜ್ಜಿ. “ಅದ್ಸರಿ, ಇವ್ಳು ನಮ್ಮೆಲ್ಲಾರ್ನೂ ಕೇಳವ್ಳಲ್ಲ, ನೆನ್ನೆ ಏನ್ ತಿಂದ್ರಿ ಏನ್ ತಿಂದ್ರಿ ಅಂತ. ನಿಮ್ಮನ್ನ ಯಾರ್ ಕೇಳ್ತಾರೆ?”

ಯಾರೂ ಕೇಳಿಲ್ಲ. ಹತ್ತೊಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ.

“ಕೇಳವ್ವ ಕವನ, ಮೇಡಮ್ಮಾರ್ನ.”

ಕವನ ಹಾಳೆ ತೆಗೆದಳು. ನಾನು ಕಲಿಸಿದ ಹಾಗೆಯೇ ಮುಖದಲ್ಲಿ ಏನೂ ತೋರಿಸದೆ ಕೇಳಿದಳು. ನಿನ್ನೆ ಬೆಳಿಗ್ಗೆ ಎದ್ದ ಮೇಲೆ ಮೊದಲು ಏನು ತಗೊಂಡ್ರಿ? ಆಮೇಲೆ? ಅದರ ಜೊತೆ ಏನಾದರೂ? ಮಧ್ಯೆ ಬಾಯಿಗೆ ಹಾಕಿಕೊಂಡದ್ದು? ಬಾಗಿಲಲ್ಲಿ ಏಳೆಂಟು ಹೆಂಗಸರು. ದೋಸೆ ಎಂದೆ, ಅನ್ನ ಸಾರು ಎಂದೆ. ಕವನ ಕಾದಳು. ಉತ್ತರ ಮುಗಿದ ಮೇಲೂ ಸ್ವಲ್ಪ ಕಾಯಬೇಕು ಎಂದು ಕಲಿಸಿದವಳು ನಾನೇ.

“ಮೈಸೂರುಪಾಕು,” ಎಂದೆ. “ಎರಡು.”

“ತುಪ್ಪದ್ದಾ ಎಣ್ಣೇದಾ ಮೇಡಂ?”

“ತುಪ್ಪದ್ದು.”

“ಆಲು ಬುಟ್ಟಿವ್ನಿ ಅಂದ್ರಿ!” ಎಂದು ಪುಟ್ಟಲಕ್ಷ್ಮಿ ಕೂಗಿದರು. “ಅಯ್ಯಯ್ಯೋ, ಮೇಡಮ್ಮಾರು ಆಲು ಬುಟ್ಟು ತುಪ್ಪ ಇಡ್ಕಂಡವ್ರೆ ಕಣ್ರೋ!”

ಬೀದಿಗೆ ಕೇಳುವಷ್ಟು ನಕ್ಕರು. ನಗು ನಿಲ್ಲುವ ತನಕ ನಾನು ಕೂತಿದ್ದೆ. ಕೊನೆಗೆ ನಾನೂ ನಕ್ಕೆ ಎಂದು ನೆನಪು. ಕವನ ನಗದೆ ‘ಕೊಬ್ಬು’ ಎಂಬಲ್ಲಿ ಬರೆದುಕೊಂಡಳು. ಒಳ್ಳೆಯ ಡಯಟೀಷಿಯನ್ ಆಗುತ್ತಾಳೆ.

ಹೊರಡುವಾಗ ಅಜ್ಜಿ ಕೇಳಿದರು: “ಕವನ ಬರೆದಿರದ್ನ ಯಾರ್ ಓದ್ತಾರೆ?”

“ಮೈಸೂರಿಂದ ಬರುವ ಪರೀಕ್ಷಕರು. ಹೆಸರು ಹಾಕಲ್ಲ ಅಜ್ಜಿ, ಬರೀ ನಂಬರು.”

“ನಾ ಒಣಮೀನ್ ತಿಂದೆ ಅಂತ ಓದ್ಬುಟ್ಟು ಅವ್ರ್ ಏನ್ ಮಾಡ್ತಾರೆ?”

“ಅದರಲ್ಲಿ ಇರುವ ಸತ್ವ ಲೆಕ್ಕ ಹಾಕ್ತಾರೆ.”

ಅಜ್ಜಿ ಯೋಚಿಸಿದರು. “ಅಂಗಾರೆ ಆಗ್ಲಿ,” ಎಂದರು. “ಲೆಕ್ಕ ತಾನೆ.”

ಏಪ್ರಿಲ್ 17, ಗುರುವಾರ

ಎರಡೂ ಪ್ರತಿಗಳನ್ನು ಮೇಜಿನ ಮೇಲಿಟ್ಟು ಕವನಳನ್ನು ಕರೆದೆ. ಪ್ರಿನ್ಸಿಪಾಲ್ ಹೇಳಿದ್ದನ್ನೂ ಹೇಳಿದೆ. ಕಾಲಂ ಇರುವುದನ್ನು ಕಳಿಸಿದರೆ ಸೀಲು ಬೀಳದೆ ಹೋಗಬಹುದು, ಸೀಟು ಹೋಗಬಹುದು. ಇಲ್ಲದ್ದನ್ನು ಕಳಿಸಿದರೆ ಏನೂ ತೊಂದರೆಯಿಲ್ಲ. ತೀರ್ಮಾನ ನಿನ್ನದು ಎಂದೆ. ನ್ಯಾಯವಾಗಿ ಮಾತನಾಡಿದ್ದೇನೆ ಎನ್ನಿಸಿತು.

“ನೀವು ಯಾವುದಕ್ಕೆ ಸೈನ್ ಹಾಕ್ತೀರ ಮೇಡಂ?”

“ನೀನು ಹೇಳಿದ್ದಕ್ಕೆ.”

“ನೀವು ಮೊದ್ಲು ಹಾಕಿ ಮೇಡಂ. ಆಮೇಲೆ ಹೇಳ್ತೀನಿ.”

ಅವಳ ಮುಖದಲ್ಲಿ ಏನೂ ಇರಲಿಲ್ಲ. ಕಾಯುತ್ತಿದ್ದಳು. ಪೆನ್ನು ತೆಗೆದು ಕಾಲಂ ಇರುವುದಕ್ಕೆ ಸಹಿ ಹಾಕಿದೆ.

“ಅದೇ ಮೇಡಂ,” ಎಂದಳು. ಇನ್ನೊಂದನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ಇಪ್ಪತ್ತು ಮನೆಯದನ್ನೂ ಟ್ರಸ್ಟಿನ ಹೆಸರಿಲ್ಲದ ಬಿಳಿ ಹಾಳೆಗೆ ಇಳಿಸಬೇಕು, ಶನಿವಾರದೊಳಗೆ ಮುಗಿಸುತ್ತಾಳಂತೆ.

ಏಪ್ರಿಲ್ 21, ಸೋಮವಾರ

ಪ್ರಿನ್ಸಿಪಾಲರ ಕೋಣೆ. ಚಿಕ್ಕಬಸಪ್ಪನವರೂ ಇದ್ದರು. ಬಿಳಿ ಹಾಳೆಯ ಪ್ರಾಜೆಕ್ಟಿಗೂ ಸಹಿ ಹಾಕಿ ಸೀಲಿಗೆ ಇಟ್ಟೆ. ಪ್ರಿನ್ಸಿಪಾಲ್ ಕಾಲಂ ನೋಡಿದರು.

“ಮೇಡಂ, ಅವತ್ತು ಮಾತಾಗಿತ್ತಲ್ಲ. ಒಂದು ನಾನು ಕೊಟ್ಟಿದ್ದೆ, ಒಂದು ನೀವು ಕೊಡಬೇಕಿತ್ತು.”

“ಕೊಡ್ತೀನಿ ಸಾರ್. ನನ್ನ ಹಾಲಿನ ಸ್ಲೈಡು ತಗೊಳಿ. ಈ ಕಾಲಂ ಇರಲಿ ಬಿಡಿ.”

ಚಿಕ್ಕಬಸಪ್ಪನವರು ಮುಂದಕ್ಕೆ ಬಾಗಿದರು. “ಹಾಲಿನ ವಿಷಯ ಎತ್ತಲ್ವಾ?”

“ಈ ಕೋರ್ಸಿನಲ್ಲಿ ಎತ್ತಲ್ಲ ಸಾರ್.”

“ಹುಡುಗೀರಿಗೆ ಕುಡೀಬೇಡಿ ಅನ್ನಲ್ವಾ?”

“ಅದನ್ನ ಯಾವತ್ತೂ ಅಂದಿಲ್ಲ ಸಾರ್.”

ಅವರು ಪ್ರಾಜೆಕ್ಟಿನ ಮೇಲೆ ಕೈಯಿಟ್ಟು, ತೆರೆಯದೆ, “ಇದು ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದರು. ವಿಶ್ವವಿದ್ಯಾಲಯಕ್ಕೆ ಎಂದರು ಪ್ರಿನ್ಸಿಪಾಲ್. “ಅಲ್ಲಿ ಯಾರು ಓದ್ತಾರೆ ಬುಡ್ರಿ,” ಎಂದರು ಚಿಕ್ಕಬಸಪ್ಪನವರು. ಸೀಲು ಬಿತ್ತು.

ಯಾವ ಸ್ವಾತಂತ್ರ್ಯಕ್ಕೆ ಮೂರು ಪುಟ ಬರೆದಿದ್ದೆನೋ ಅದನ್ನೇ ಕೊಟ್ಟು ಬಂದಿದ್ದೇನೆ. ಇದು ಸರಿಯೋ ಗೊತ್ತಿಲ್ಲ. ಒಂದು ನಿಜವನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳುವುದಕ್ಕೆ ಏನು ಹೆಸರು ಎಂದು ಯೋಚಿಸಿದೆ. ಇಂಗ್ಲಿಷಿನಲ್ಲೂ ಹೊಳೆಯಲಿಲ್ಲ.

ಇವತ್ತು: ಮುದ್ದೆ, ಉಪ್ಸಾರು. ಮೈಸೂರುಪಾಕು ಒಂದು.

ಮೇ 9, ಶುಕ್ರವಾರ

ಕವನಳ ಮೌಖಿಕ ಪರೀಕ್ಷೆ. ಮೈಸೂರಿನಿಂದ ಬಂದ ಪರೀಕ್ಷಕಿ ಎಲ್ಲ ಪುಟ ಓದಿದ್ದರು. ನಾನು ಮೊದಲೇ ಹೆದರಿ ಕೂತಿದ್ದೆ. ಅವರು ಆ ಕಾಲಮ್ಮಿನ ಮೇಲೆ ಬೆರಳಿಟ್ಟು ಕೇಳಿದ್ದು ಒಂದೇ ಪ್ರಶ್ನೆ: “ಒಣಮೀನಿನ ತೂಕ ತೊಳೆಯೋಕೆ ಮೊದಲಿನದಾ, ಆಮೇಲಿನದಾ?”

“ಮೊದಲಿನದು ಮೇಡಂ. ತೊಳೆದ ಮೇಲಿನದು ಪಕ್ಕದಲ್ಲಿದೆ.”

“ಗುಡ್.”

ಆಯಿತು. ಹೊರಗೆ ಬಂದು ಕವನ ಅಜ್ಜಿಗೆ ಫೋನ್ ಮಾಡಿ, “ಮೀನು ತೊಳ್ದಿದ್ದು ಕೇಳಿದ್ರು ಕಣಜ್ಜಿ,” ಎಂದಳು. ಆ ಕಡೆಯಿಂದ ಕೇಳಿದ್ದು ಸ್ಪಷ್ಟವಾಗಿತ್ತು: “ತೊಳೀದೆ ತಿಂತೀವಿ ಅನ್ಕಂಡವ್ರಾ?”

ಜುಲೈ 14, ಸೋಮವಾರ

ಹೊಸ ವೇಳಾಪಟ್ಟಿ ಬಂದಿದೆ. ಬೇಡಿಕೆ ಇಲ್ಲದ ಕಾರಣ ‘ಸಸ್ಯಾಧಾರಿತ ಪೋಷಣೆ’ ಈ ವರ್ಷ ಇಲ್ಲ. ಅದಕ್ಕೆ ಹೆಸರು ಕೊಟ್ಟವರು ನಲವತ್ತೊಂದು ಜನ ಎಂದು ರಮ್ಯ ಹೇಳಿದಳು. ಬೇಡಿಕೆ ಇಲ್ಲದ್ದು ಅವರಿಂದ ಅಲ್ಲ ಎಂದು ಅರ್ಥಮಾಡಿಕೊಂಡೆ. ನನಗೆ ‘ವಸ್ತ್ರಗಳ ಆರೈಕೆ’ ಕೊಟ್ಟಿದ್ದಾರೆ.

ಅಂಕಪಟ್ಟಿ ತೆಗೆದುಕೊಳ್ಳಲು ಕವನ ಬಂದಿದ್ದಳು, ಜೊತೆಗೆ ಮರಿತಾಯಮ್ಮ. ಮುಂದಿನ ವಾರ ಮೈಸೂರಿನ ತರಬೇತಿ ಶುರು. ಬಸ್ ಸ್ಟ್ಯಾಂಡಿನ ಹೋಟೆಲಿಗೆ ಅಜ್ಜಿಯೇ ನಮ್ಮನ್ನು ಕರೆದುಕೊಂಡು ಹೋದರು, ಅವರೇ ಆರ್ಡರು ಮಾಡಿದರು. “ಮೂರು ಟೀ ಕಣಪ್ಪ.” ನನ್ನನ್ನು ಕೇಳಲಿಲ್ಲ. ಬಂದದ್ದು ಹಾಲು ಹಾಕಿದ ಟೀ. ಕುಡಿದೆ.

“ಈಗ ಆಲು ಪರವಾಗಿಲ್ವಾ?”

“ಸೆಮಿಸ್ಟರ್ ಮುಗೀತು ಅಜ್ಜಿ.”

“ಒಳ್ಳೇದಾಯ್ತು. ನೋಡದ್ರೆ ಸೊರಗೋಗಿದ್ರಿ.” ಹಾಗೆಂದು ನನ್ನ ತೋಳು ಹಿಡಿದು ನೋಡಿದರು. ಕೈಯಲ್ಲಿದ್ದ ಲೋಟ ಅಲುಗಿ ನನ್ನ ಬಿಳಿ ಸೀರೆಯ ಸೆರಗಿಗೆ ಟೀ ಚೆಲ್ಲಿತು.

ಆಗಸ್ಟ್ 11, ಸೋಮವಾರ

ವಸ್ತ್ರಗಳ ಆರೈಕೆ, ಮೊದಲ ಘಟಕ: ಬಟ್ಟೆಯ ಮೇಲಿನ ಕಲೆಗಳು ಮತ್ತು ಅವನ್ನು ತೆಗೆಯುವ ವಿಧಾನ. ವಿಶ್ವವಿದ್ಯಾಲಯದ ಪುಸ್ತಕದಲ್ಲಿರುವಂತೆ ಬೋರ್ಡಿನ ಮೇಲೆ ಎರಡು ಕಾಲಂ ಬರೆದೆ.

ಸಸ್ಯಜನ್ಯ: ಟೀ, ಕಾಫಿ, ಹಣ್ಣು.
ಪ್ರಾಣಿಜನ್ಯ: ರಕ್ತ, ಮೊಟ್ಟೆ, ಮಾಂಸದ ರಸ, ಹಾಲು.

ಮಾದರಿಗೆಂದು ನನ್ನ ಸೀರೆಯನ್ನೇ ತಂದಿದ್ದೆ. ಸೆರಗು ಹಿಡಿದು ತೋರಿಸಿದೆ. ರಮ್ಯ ಕೈಯೆತ್ತಿದಳು.

“ಮೇಡಂ, ಹಾಲು ಹಾಕಿದ ಟೀ ಯಾವ ಕಾಲಂ?”

“ಎರಡೂ. ಹಾಲಿನ ಅಂಶವನ್ನು ಮೊದಲು ತೆಗೀಬೇಕು, ತಣ್ಣೀರಲ್ಲಿ. ಶುರುವಿಗೇ ಬಿಸಿನೀರು ಹಾಕಿದರೆ ಕೂತುಬಿಡುತ್ತೆ.”

ಆಗ ಪ್ರಿನ್ಸಿಪಾಲ್ ಸುತ್ತು ಬರುತ್ತಾ ಬಾಗಿಲಲ್ಲಿ ನಿಂತರು. ಬೋರ್ಡು ಓದಿದರು. ರಕ್ತ, ಮೊಟ್ಟೆ, ಮಾಂಸ, ಹಾಲು. ಇನ್ನೊಂದು ಸಲ ಓದಿದರು. ನಾನು ಉತ್ತರ ಮುಗಿದ ಮೇಲೆ ಕಾಯುವ ಹಾಗೆ ಕಾದೆ.

“ಇದೆಲ್ಲ ಸಿಲಬಸ್ಸಲ್ಲಿ ಇರೋದೇ ತಾನೆ ಮೇಡಂ?”

“ನಾನು ಓದುವಾಗಿನಿಂದ ಇದೆ ಸಾರ್.”

“ಹಾಗಾದ್ರೆ ಸರಿ,” ಎಂದು ಮುಂದಿನ ತರಗತಿಗೆ ಹೋದರು.

ಇವತ್ತು: ಚಿತ್ರಾನ್ನ, ಮುದ್ದೆ, ಹುರುಳಿಸಾರು, ಮೊಸರು. ಮೈಸೂರುಪಾಕು ಎರಡು, ತುಪ್ಪದ್ದು. ಟೀ ಮೂರು, ಹಾಲು ಹಾಕಿದ್ದು.